ಮರದ ತುಂಡು ಇಡೋ ಮುಂಚೆ

‘ಫ್ಲಾಯ್ಡ್ ರೋಸ್ ಗಿಟಾರಾ? ಬ್ಲಾಕ್ ಮಾಡಿಸ್ಬಿಡು ಗುರು, ತಲೆನೋವು.’

ವಾರವಿಡೀ ಕೋಡ್ ಬರೆದು ಶನಿವಾರ ಗಿಟಾರ್ ಹಿಡಿಯುವ ನಮ್ಮಂಥವರ ನಡುವೆ ಇದಕ್ಕಿಂತ ಸಲೀಸಾಗಿ ಸಿಗೋ ಸಲಹೆ ಇನ್ನೊಂದಿಲ್ಲ. ಇದು ಸೋಮಾರಿ ಸಲಹೆ ಅಂತ ಹೇಳೋದಕ್ಕೇ ಈ ಬರಹ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಜನರ ಮಧ್ಯೆ ನಾನೂ ಇದ್ದೆ. ಕರ್ಕ್ ಹ್ಯಾಮೆಟ್ ಕೈಯಲ್ಲಿದ್ದಂಥ ಗಿಟಾರ್ ನನಗೂ ಬೇಕು ಅನ್ನಿಸಿಬಿಟ್ಟಿತ್ತು. ಕೆಲಸ ಸಿಕ್ಕಿ ಮೊದಲ ಬೋನಸ್ ಬಂದಾಗ ಕೊಂಡೆ. ಮನೆಗೆ ತಂದು ಶ್ರುತಿ ಮಾಡೋಕೆ ಕೂತರೆ, ಒಂದು ತಂತಿ ಸರಿಮಾಡಿದ ತಕ್ಷಣ ಉಳಿದ ಐದೂ ಇಳಿದುಹೋಗ್ತಿದ್ದವು. ಒಂದು ಬಗ್ ತೆಗೆದರೆ ಐದು ಬಗ್ ಹುಟ್ಟುವ ಹಳೇ ಕೋಡಿನ ಹಾಗೆ.

ಅಂಗಡಿಗೆ ತಗೊಂಡು ಹೋದೆ. ಅಲ್ಲಿದ್ದವರು ನಕ್ಕು, ‘ಇದು ಪ್ರೊಫೆಷನಲ್ಸ್‌ಗೆ ಸಾರ್’ ಅಂತ ಒಳಗೆ ಮರದ ತುಂಡು ಬಡಿದು, ಸಾವಿರದೈನೂರು ರೂಪಾಯಿ ತಗೊಂಡರು. ಯಾಕೆ ಹೀಗಾಗುತ್ತೆ ಅಂದಿದ್ದಕ್ಕೆ, ‘ಅದನ್ನೆಲ್ಲ ಕನ್ನಡದಲ್ಲಿ ಹೇಳೋಕಾಗಲ್ಲ, ಯೂಟ್ಯೂಬ್ ನೋಡ್ಕೊಳ್ಳಿ’ ಅಂದರು. ದುಡ್ಡು ಹೋಗಿದ್ದು ಮರೆತೆ. ಆ ಮಾತು ಮಾತ್ರ ಮರೆಯಲಿಲ್ಲ.

ಮೂರು ವರ್ಷ ಆ ಗಿಟಾರ್ ಹಾಗೇ ಇತ್ತು. ಒಂದು ಸಂಕ್ರಾಂತಿಗೆ ಹಂಪಾಪುರದ ಮನೆಗೆ ತಗೊಂಡು ಹೋಗಿದ್ದೆ. ಹಿಂಬದಿಯ ಮುಚ್ಚಳ ಬಿಚ್ಚಿದ್ದನ್ನು ಅಪ್ಪ ಬಗ್ಗಿ ನೋಡಿದರು.

‘ಇದು ನೊಗ ಅಲ್ವೇನ್ಲಾ? ಆ ಕಡೆ ತಂತಿ ಎಳೀತದೆ, ಈ ಕಡೆ ಸ್ಪ್ರಿಂಗು ಎಳೀತದೆ. ಒಂದೆತ್ತು ಜಾಸ್ತಿ ಎಳುದ್ರೆ ನೊಗ ಓರೆಯಾಯ್ತದೆ. ನೀನು ನೊಗಕ್ಕೇ ಗೂಟ ಬಡ್ದು ನಿಲ್ಸಿದ್ದೀಯಲ್ಲ, ಉಳೋದ್ ಹೆಂಗೆ?’

ಕನ್ನಡದಲ್ಲಿ ಹೇಳೋಕಾಗಲ್ಲ ಅಂದಿದ್ದನ್ನು ಅಪ್ಪ ನಾಲ್ಕು ಸಾಲಲ್ಲಿ ಹೇಳಿ ಮುಗಿಸಿದ್ದರು.

ಅಷ್ಟೇ ವಿಷಯ. ಬ್ರಿಜ್ ಎರಡು ಕಂಬದ ಮೇಲೆ ತೂಗ್ತಿರುತ್ತೆ. 9ರ ಸೆಟ್‌ನ ಆರು ತಂತಿಗಳು ಮಾಮೂಲಿ ಶ್ರುತಿಯಲ್ಲಿ ಒಟ್ಟು ಸುಮಾರು 38 ಕೆಜಿಯಷ್ಟು ಎಳೆಯುತ್ತವೆ. 10ರ ಸೆಟ್ ಹಾಕಿದರೆ ಸುಮಾರು 47. ಹಿಂದಿನ ಮೂರ್ನಾಲ್ಕು ಸ್ಪ್ರಿಂಗುಗಳು ಅಷ್ಟೇ ಕೆಜಿ ಎಳೀಬೇಕಿಲ್ಲ, ಅವು ಕೊಂಡಿ ಹಾಕಿರೋ ಜಾಗ ಆಧಾರದಿಂದ ದೂರ ಇದೆ. ಬಡಕಲು ಎತ್ತಿನ ಕಡೆ ನೊಗ ಉದ್ದ ಬಿಡ್ತಾರಲ್ಲ, ಅದೇ ಲೆಕ್ಕ. ಒಂದು ತಂತಿ ಬಿಗಿದರೆ ಬ್ರಿಜ್ ಮುಂದಕ್ಕೆ ವಾಲುತ್ತೆ, ಉಳಿದವು ಸಡಿಲ ಆಗುತ್ತವೆ. ಗಿಟಾರ್ ಕೆಟ್ಟಿಲ್ಲ ಸ್ವಾಮಿ, ತೂಕ ತಪ್ಪಿದೆ.

ಸರಿಮಾಡೋದು ಹೀಗೆ. ನಟ್‌ನ ಲಾಕ್ ಬಿಚ್ಚಿ, ಫೈನ್ ಟ್ಯೂನರ್‌ಗಳನ್ನು ನಡುವಿಗೆ ತನ್ನಿ. ಹಿಂದಿನ ಸ್ಪ್ರಿಂಗ್ ಸ್ವಲ್ಪ ಸಡಿಲಿಸಿ. ಬ್ಲಾಕಿಗೂ ಅದರ ಹಿಂದಿನ, ಅಂದರೆ ಬೆಲ್ಟ್ ಗುಂಡಿ ಕಡೆಯ ಮರಕ್ಕೂ ನಡುವೆ ರಟ್ಟು ಮಡಿಸಿಟ್ಟು ಬ್ರಿಜ್ ಮಟ್ಟವಾಗಿ ನಿಲ್ಲೋ ಹಾಗೆ ಮಾಡಿ. ಆರೂ ತಂತಿ ಶ್ರುತಿಗೆ ತನ್ನಿ. ಆಮೇಲೆ ಸ್ಪ್ರಿಂಗ್ ಹಿಡಿದಿರೋ ಪಟ್ಟಿಯ ಎರಡು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸ್ತಾ ಹೋಗಿ. ರಟ್ಟು ತಾನಾಗಿ ಸಡಿಲವಾಗಿ ಬಿತ್ತಾ? ತೂಕ ಕೂತಿದೆ. ಇನ್ನೊಮ್ಮೆ ಶ್ರುತಿ ನೋಡಿ ಲಾಕ್ ಮಾಡಿ. ತಂತಿ ಬದಲಿಸುವಾಗ ಎಲ್ಲ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಿಸಿ. ಮೊದಲ ಸಲ ಒಂದು ಗಂಟೆ ಹಿಡಿಯಬಹುದು. ನಾವು ಒಂದು ಡಿಪ್ಲಾಯ್‌ಮೆಂಟಿಗೆ ಕಾಯೋದು ಇದಕ್ಕಿಂತ ಹೆಚ್ಚು.

ಬ್ಲಾಕ್ ಮಾಡೋದಕ್ಕೆ ಕಾರಣವೇ ಇಲ್ಲ ಅಂತ ನಾನು ವಾದಿಸಲ್ಲ. ಹಾಡಿನಿಂದ ಹಾಡಿಗೆ ಡ್ರಾಪ್ ಡಿ ಶ್ರುತಿಗೆ ಇಳಿಸಿ ಏರಿಸ್ತಾ ಇರೋರಿಗೆ ತೇಲುವ ಬ್ರಿಜ್ ಹಿಂಸೆಯೇ. ವೇದಿಕೆ ಮೇಲೆ ಒಂದು ತಂತಿ ಕಿತ್ತುಹೋದರೆ ಸ್ಪ್ರಿಂಗ್ ಹಿಂದಕ್ಕೆ ಜಗ್ಗಿ, ಉಳಿದ ಐದೂ ಏರಿ, ಹಾಡು ಕೆಡುತ್ತೆ. ಅದೆಲ್ಲ ತಿಳಿದು ಬ್ಲಾಕ್ ಮಾಡಿದರೆ ಅದು ಆಯ್ಕೆ. ತಿಳಿಯದೇ ಮಾಡಿಸಿದರೆ ಕೊಟ್ಟ ದುಡ್ಡಿನ ಅರ್ಧಕ್ಕೆ ಗೂಟ ಬಡಿದ ಹಾಗೆ. ಫ್ಲಾಯ್ಡ್ ರೋಸ್ 1979ರಲ್ಲಿ ಪೇಟೆಂಟ್ ಪಡೆದಿದ್ದೇ, ಬಾರ್ ಎಷ್ಟು ಜಗ್ಗಿದರೂ ಶ್ರುತಿ ವಾಪಸ್ ಬರಬೇಕು ಅಂತ. ಸ್ವರವನ್ನು ಇಳಿಸೋದಷ್ಟೇ ಅಲ್ಲ, ಏರಿಸೋಕೂ ಬರೋದು ಬ್ರಿಜ್ ತೇಲ್ತಾ ಇದ್ದಾಗಲೇ.

ನನ್ನ ತಕರಾರು ಇಷ್ಟೇ. ಮಾರುವವರು ಅರ್ಧ ಗಂಟೆ ಕೂತು ಇದನ್ನು ಹೇಳಿಕೊಡಬೇಕು, ಇಲ್ಲಾಂದ್ರೆ ಬೇರೆ ಗಿಟಾರ್ ತೋರಿಸಬೇಕು. ಕೇಳುವವನು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಭಾಷೆ ಮೇಲೆ ಹಾಕಬೇಡಿ. ಇನ್ನು ನಾವು, ದಿನವೂ ಬೇರೆಯವರ ಸಿಸ್ಟಮ್ ಬಿಚ್ಚಿ ಸರಿಮಾಡಿ ಸಂಬಳ ಎಣಿಸೋರು, ನಮ್ಮದೇ ಗಿಟಾರಿನ ಎರಡು ಸ್ಕ್ರೂಗೆ ಹೆದರೋದು ಬಿಡಬೇಕು.

ನನ್ನ ಗಿಟಾರಿನಿಂದ ತೆಗೆದ ಆ ಮರದ ತುಂಡು ಈಗ ಹಂಪಾಪುರದ ಮನೆಯಲ್ಲಿದೆ. ಗಾಳಿಗೆ ಹಿತ್ತಿಲ ಬಾಗಿಲು ಹೊಡ್ಕೊಳ್ಳದ ಹಾಗೆ ಅವ್ವ ಅದನ್ನ ಸಿಕ್ಕಿಸಿದ್ದಾರೆ.