ಮನೆಯ ಈಜುಕೊಳಕ್ಕೆ ಉಪ್ಪಿನ ಯಂತ್ರ: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಕಾವೇರಿ, ಹೇಮಾವತಿ, ಲೋಕಪಾವನಿ ನದಿಗಳ ಆಸರೆಯಲ್ಲಿರುವ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಲ್ಲಿ ಈಜು ಕಲಿಯಲು ಹೊಳೆ, ಕೆರೆ, ತೋಟದ ಬಾವಿಗಳೇ ಸಾಕಾಗಿದ್ದ ಕಾಲವೊಂದಿತ್ತು. ಇಂದು ಅನುಕೂಲಸ್ಥ ವರ್ತಕರೂ ಸಣ್ಣ ಉದ್ಯಮಿಗಳೂ ತೋಟದ ಮನೆಯ ಅಂಗಳದಲ್ಲಿಯೇ ಈಜುಕೊಳ ಕಟ್ಟಿಸುತ್ತಿದ್ದಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ಭಾಗದ ತೋಟದ ಮನೆಗಳಿಗೆ ಹೊಸ ಬೆಲೆಯೂ ಬಂದಿದೆ. ಕೊಳ ಕಟ್ಟಿಸಿದವರ ಮುಂದೆ ಮಾರಾಟಗಾರರು ಇಡುವ ಮೊದಲ ಸಲಹೆಯೇ ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಯಂತ್ರ, ಅಂದರೆ ಸಾಲ್ಟ್ ಕ್ಲೋರಿನೇಟರ್. ‘ಒಮ್ಮೆ ಹಣ ಹಾಕಿ, ಆಮೇಲೆ ಖರ್ಚೇ ಇಲ್ಲ’ ಎಂಬ ಮಾತನ್ನು ಲೆಕ್ಕ ಪರಿಶೋಧಕನ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಂತ್ರ ಮಾಡುವುದೇನು?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಉಪ್ಪುನೀರಿನ ಕೊಳವೆಂದರೆ ಕ್ಲೋರಿನ್ ಇಲ್ಲದ ಕೊಳವಲ್ಲ. ಕಾರವಾರದ ಬಿಣಗಾದಲ್ಲಿರುವಂತಹ ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕ್ಲೋರಿನ್ ಪಡೆಯುವ ತತ್ತ್ವವೇ ಇಲ್ಲಿ ಪುಟ್ಟ ಪೆಟ್ಟಿಗೆಯೊಳಗೆ ನಡೆಯುತ್ತದೆ. ಲೀಟರ್ ನೀರಿಗೆ ಸುಮಾರು 3ರಿಂದ 4 ಗ್ರಾಂ ಉಪ್ಪು ಬೆರೆಸಲಾಗುತ್ತದೆ. ಸಮುದ್ರದ ನೀರಿನಲ್ಲಿರುವುದು ಸುಮಾರು 35 ಗ್ರಾಂ. ಈ ನೀರು ಸೆಲ್ ಎಂಬ ಭಾಗದ ಮೂಲಕ ಹಾಯುವಾಗ ಕ್ಲೋರಿನ್ ಹುಟ್ಟಿ, ರೋಗಾಣುಗಳನ್ನು ಕೊಂದು, ಮತ್ತೆ ಉಪ್ಪಾಗಿ ಪರಿಣಮಿಸುತ್ತದೆ. ಆದುದರಿಂದ ಉಪ್ಪು ಖರ್ಚಾಗುವುದಿಲ್ಲ. ಫಿಲ್ಟರ್ ತೊಳೆದಾಗ, ಮಳೆಗೆ ಕೊಳ ತುಂಬಿ ಹರಿದಾಗ, ಸೋರಿದಾಗ ಮಾತ್ರ ಕಡಿಮೆಯಾಗುತ್ತದೆ.

ಖರ್ಚಾಗುವುದು ಸೆಲ್. ಅದರೊಳಗಿನ ಟೈಟಾನಿಯಂ ತಗಡುಗಳಿಗೆ ರುಥೇನಿಯಂ, ಇರಿಡಿಯಂ ಲೋಹಗಳ ಆಕ್ಸೈಡಿನ ತೆಳುವಾದ ಲೇಪವಿರುತ್ತದೆ. ಲೇಪ ಸವೆದ ದಿನ ಸೆಲ್ಲಿನ ಆಯುಷ್ಯ ಮುಗಿಯಿತು. ಅಕ್ಕಿ ಗಿರಣಿ ನಡೆಸುವ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿ ಕೊಳ್ಳುವಾಗ ಅವರು ಯಂತ್ರದ ಬೆಲೆಯೊಂದನ್ನೇ ಕೇಳುವುದಿಲ್ಲ. ಒಂದು ಜೊತೆ ರಬ್ಬರ್ ರೋಲರ್ ಎಷ್ಟು ಕ್ವಿಂಟಲ್ ಭತ್ತಕ್ಕೆ ಬರುತ್ತದೆಂದೂ ಕೇಳುತ್ತಾರೆ. ಈಜುಕೊಳದ ಯಂತ್ರಕ್ಕೂ ಇದೇ ಪ್ರಶ್ನೆ ಸಲ್ಲುತ್ತದೆ.

ಗಾತ್ರದ ಲೆಕ್ಕ

10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳವೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ 70,000 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 3.5 ಗ್ರಾಂನಂತೆ 245 ಕೆ.ಜಿ. ಉಪ್ಪು, ಅಂದರೆ 50 ಕೆ.ಜಿ.ಯ ಐದು ಚೀಲ ಬೇಕು. ನಮ್ಮ ಬಿಸಿಲಿಗೆ ದಿನಕ್ಕೆ ಲೀಟರಿಗೆ ಸುಮಾರು 3 ಮಿಲಿಗ್ರಾಂ ಕ್ಲೋರಿನ್ ವ್ಯಯವಾಗುವುದೆಂದು ಹಿಡಿದರೆ ದಿನದ ಅಗತ್ಯ ಸುಮಾರು 200 ಗ್ರಾಂ.

ಈ 200 ಗ್ರಾಂ ಅನ್ನು ಪಂಪು ವಾಸ್ತವವಾಗಿ ಓಡುವ ಗಂಟೆಗಳಿಂದ ಭಾಗಿಸಬೇಕು. ಎಂಟು ಗಂಟೆ ಓಡಿದರೆ ಗಂಟೆಗೆ 25 ಗ್ರಾಂ ಉತ್ಪಾದಿಸುವ ಯಂತ್ರ ಸಾಕು. ವಿದ್ಯುತ್ ಕಡಿತದಿಂದಾಗಿ ಐದು ಗಂಟೆ ಮಾತ್ರ ಓಡುವುದಾದರೆ 40 ಗ್ರಾಂನದು ಬೇಕು. ‘ಇಷ್ಟು ಸಾವಿರ ಲೀಟರ್ ಕೊಳಕ್ಕೆ’ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿರುವುದನ್ನು ನಂಬಿ ಕುಳಿತರೆ ಈ ವ್ಯತ್ಯಾಸ ತಿಳಿಯದು. ಕೊಟೇಶನ್ನಿನಲ್ಲಿ ಗಂಟೆಗೆ ಎಷ್ಟು ಗ್ರಾಂ ಎಂಬುದನ್ನು ಬರೆಸಿಕೊಳ್ಳಿ. ನೀರಾವರಿ ಪಂಪ್‌ಸೆಟ್ಟಿಗೆಂದು ಸರ್ಕಾರ ನೀಡುವ ಉಚಿತ ವಿದ್ಯುತ್ತಿಗೆ ಈಜುಕೊಳದ ಪಂಪನ್ನು ಜೋಡಿಸುವ ಆಲೋಚನೆಯನ್ನು ಯಾರೂ ಮಾಡಬಾರದು, ಅದು ಅಕ್ರಮ.

ಉಳಿತಾಯವೆಷ್ಟು?

ಈಗ ಎರಡು ಮಾರ್ಗಗಳನ್ನು ಹೋಲಿಸೋಣ. ಕೆಳಗಿನ ದರಗಳು ಲೆಕ್ಕದ ರೀತಿಯನ್ನು ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ಕೊಟೇಶನ್ನಿನ ದರಗಳನ್ನು ಅವುಗಳ ಜಾಗದಲ್ಲಿಟ್ಟು ನೋಡಬೇಕು.

ಶೇ. 10ರ ದ್ರವ ಸೋಡಿಯಂ ಹೈಪೋಕ್ಲೋರೈಟ್ ಬಳಸಿದರೆ ದಿನಕ್ಕೆ 2 ಲೀಟರ್, ವರ್ಷಕ್ಕೆ 730 ಲೀಟರ್. ಲೀಟರಿಗೆ 25 ರೂ. ಆದರೆ ವಾರ್ಷಿಕ ವೆಚ್ಚ 18,250 ರೂ.

ಯಂತ್ರದ ಬೆಲೆ ಒಂದು ಲಕ್ಷ ರೂ., ಅದರಲ್ಲಿ ಸೆಲ್ಲಿನ ಪಾಲು 50,000 ರೂ. ಎಂದಿಟ್ಟುಕೊಳ್ಳೋಣ. ಸೆಲ್ ಐದು ವರ್ಷ ಬಾಳಿದರೆ ವರ್ಷಕ್ಕೆ 10,000 ರೂ.; ವಿದ್ಯುತ್ ಪೆಟ್ಟಿಗೆ ಹತ್ತು ವರ್ಷ ಬಾಳಿದರೆ 5,000 ರೂ.; ದಿನಕ್ಕೆ 1.2 ಯೂನಿಟ್ ವಿದ್ಯುತ್ತಿಗೆ, ಯೂನಿಟ್ಟಿಗೆ 8 ರೂ.ನಂತೆ ಸುಮಾರು 3,500 ರೂ.; ಸೇರಿಸುವ ಉಪ್ಪಿಗೆ 1,000 ರೂ. ಒಟ್ಟು 19,500 ರೂ. ಆಮ್ಲದ ಖರ್ಚು ಮತ್ತು ಪಂಪಿನ ವಿದ್ಯುತ್ ಎರಡೂ ಕಡೆ ಇರುವುದರಿಂದ ಬಿಟ್ಟಿದ್ದೇನೆ.

ಅಂದರೆ ಐದು ವರ್ಷದ ಸೆಲ್ಲಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅದೇ ಸೆಲ್ ಮೂರು ವರ್ಷಕ್ಕೇ ಕೈಕೊಟ್ಟರೆ ಯಂತ್ರದ ವಾರ್ಷಿಕ ವೆಚ್ಚ 26,000 ರೂ. ದಾಟುತ್ತದೆ. ‘ಖರ್ಚೇ ಇಲ್ಲ’ ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಯಂತ್ರದಿಂದ ಅನುಕೂಲವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ: ದಿನವೂ ಔಷಧಿ ಸುರಿಯಲು ಆಳು ಬೇಕಿಲ್ಲ, ಬೇಸಿಗೆಯ ಶಾಖಕ್ಕೆ ಸತ್ವ ಕಳೆದುಕೊಳ್ಳುವ ಹೈಪೋಕ್ಲೋರೈಟ್ ಕ್ಯಾನುಗಳನ್ನು ಮಕ್ಕಳಿರುವ ಮನೆಯಲ್ಲಿ ಸಂಗ್ರಹಿಸಿಡಬೇಕಿಲ್ಲ. ಆ ಅನುಕೂಲಕ್ಕಾಗಿ ಹಣ ಕೊಡುವುದು ಸರಿಯೇ. ಉಳಿತಾಯವಾಗುವುದೆಂದು ಕೊಡುವುದು ಸರಿಯಲ್ಲ.

ಸೆಲ್ಲಿನ ಶತ್ರು: ಗಡಸು ನೀರು

ಸೆಲ್ಲಿನ ಆಯುಷ್ಯವನ್ನು ನಿರ್ಧರಿಸುವುದು ಕೊಳದ ನೀರು. ಕ್ಲೋರಿನ್ ತಯಾರಾಗುವಾಗ ತಗಡಿನ ಬಳಿ ಕ್ಷಾರವೂ ಹುಟ್ಟುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅಲ್ಲಿ ಸುಣ್ಣದ ಬಿಳಿ ಪದರ ಕಟ್ಟುತ್ತದೆ. ಕಾರ್ಖಾನೆಯ ಬಾಯ್ಲರ್ ಕೊಳವೆಗಳಲ್ಲಿಯೂ ಮನೆಯ ಗೀಸರಿನಲ್ಲಿಯೂ ನಾವು ನೋಡುವ ಪದರವೇ ಇದು. ಅದನ್ನು ಆಮ್ಲದಿಂದ ತೊಳೆದಷ್ಟೂ ಲೇಪ ಸವೆಯುತ್ತದೆ.

ಕುಡಿಯುವ ನೀರಿಗೆ ಭಾರತೀಯ ಮಾನಕ 10500ರ ಪ್ರಕಾರ, ಬೇರೆ ಮೂಲವಿಲ್ಲದಿದ್ದಾಗ ಲೀಟರಿಗೆ 600 ಮಿ.ಗ್ರಾಂ ವರೆಗಿನ ಗಡಸುತನಕ್ಕೆ ಅನುಮತಿಯುಂಟು. ಈಜುಕೊಳದಲ್ಲಿ ಮಾತ್ರ ಕ್ಯಾಲ್ಸಿಯಂ ಗಡಸುತನ 200ರಿಂದ 400ರೊಳಗೆ ಇರಬೇಕೆಂಬುದು ರೂಢಿಯ ನಿಯಮ. ಕುಡಿಯಲು ಯೋಗ್ಯವಾದ ಕೊಳವೆಬಾವಿಯ ನೀರು ಸೆಲ್ಲಿಗೆ ಯೋಗ್ಯವಲ್ಲದಿರಬಹುದು. ಸಾಲದುದಕ್ಕೆ, ಬಿಸಿಲಿಗೆ ಆವಿಯಾಗುವುದು ಶುದ್ಧ ನೀರು ಮಾತ್ರ. ಕ್ಯಾಲ್ಸಿಯಂ ಕೊಳದಲ್ಲೇ ಉಳಿಯುತ್ತದೆ. ಮತ್ತೆ ಮತ್ತೆ ಗಡಸು ನೀರು ತುಂಬಿದಂತೆ ಗಡಸುತನ ಏರುತ್ತಲೇ ಹೋಗುತ್ತದೆ. ನಾಗಮಂಗಲದಂತೆ ಕೊಳವೆಬಾವಿಯನ್ನೇ ನೆಚ್ಚಿರುವ ಕಡೆ ಯಂತ್ರಕ್ಕೆ ಮುಂಗಡ ಕೊಡುವ ಮುನ್ನ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿ ಪಡೆಯುವುದು ಅತ್ಯಗತ್ಯ.

ಉಪ್ಪಿನ ವಿಷಯದಲ್ಲಿಯೂ ಎಚ್ಚರ ಬೇಕು. ತೆಂಗಿನ ಬುಡಕ್ಕೆ ಹಾಕುವ ಕಲ್ಲುಪ್ಪಿನಲ್ಲಿ ಮಣ್ಣು, ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿರುತ್ತವೆ. ಅಯೋಡಿನ್ ಬೆರೆಸದ, ಶೇ. 99ಕ್ಕಿಂತ ಹೆಚ್ಚು ಶುದ್ಧವಾದ ಉಪ್ಪನ್ನೇ ಬಳಸಬೇಕು. ಚೀಲಕ್ಕೆ ನೂರು ರೂಪಾಯಿ ಉಳಿಸಲು ಹೋಗಿ ಅರ್ಧ ಲಕ್ಷದ ಸೆಲ್ ಕಳೆದುಕೊಳ್ಳುವುದು ವ್ಯಾಪಾರಸ್ಥರಿಗೆ ತಕ್ಕುದಲ್ಲ.

ಪಕ್ಕದ ಗದ್ದೆಯ ಪ್ರಶ್ನೆ

ಕ್ಯಾಟಲಾಗುಗಳು ಹೇಳದ ವಿಷಯವೊಂದಿದೆ. ವಾರಕ್ಕೊಮ್ಮೆ ಫಿಲ್ಟರ್ ತೊಳೆಯಲು 400 ಲೀಟರ್ ನೀರು ಹೊರಬಿಟ್ಟರೆ ಅದರೊಡನೆ 1.4 ಕೆ.ಜಿ., ವರ್ಷಕ್ಕೆ ಸುಮಾರು 73 ಕೆ.ಜಿ. ಉಪ್ಪು ಹೊರಹೋಗುತ್ತದೆ. ಕೊಳವನ್ನೇ ಖಾಲಿ ಮಾಡಿದರೆ 245 ಕೆ.ಜಿ.

ಈ ನೀರಿನ ಲವಣಾಂಶವನ್ನು ವಿದ್ಯುದ್ವಾಹಕತೆಯಲ್ಲಿ ಅಳೆದರೆ ಮೀಟರಿಗೆ ಸುಮಾರು 6 ಡೆಸಿಸೀಮನ್. ನೀರಾವರಿ ನೀರಿನಲ್ಲಿ ಅದು 3 ದಾಟಿದರೆ ತೀವ್ರ ನಿರ್ಬಂಧ ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ ತಿಳಿಸುತ್ತದೆ. ಮಣ್ಣಿನ ಲವಣಾಂಶ 1.7 ಮೀರಿದಂತೆ ಕಬ್ಬಿನ ಇಳುವರಿಯೂ, 3 ಮೀರಿದಂತೆ ಭತ್ತದ ಇಳುವರಿಯೂ ಕುಗ್ಗತೊಡಗುತ್ತವೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಮ್ಮ ವ್ಯಾಪಾರವೆಲ್ಲ ನಿಂತಿರುವುದು ಈ ಎರಡು ಬೆಳೆಗಳ ಮೇಲೆಯೇ. ಕೊಳದ ನೀರನ್ನು ನಾಲೆಗೋ ಕೆರೆಗೋ ಪಕ್ಕದವರ ಗದ್ದೆಗೋ ಹರಿಯಬಿಡುವುದು ನಮ್ಮ ಗಿರಾಕಿಯ ಅನ್ನಕ್ಕೇ ಕೈಹಾಕಿದಂತೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು, ಉಪ್ಪು ಸುರಿದವನಿಗೂ ಅನ್ವಯಿಸಬೇಕಾಗಿದೆ. ಹೊರಬಿಡುವ ನೀರಿಗೆ ಸರಿಯಾದ ವ್ಯವಸ್ಥೆ ಇಲ್ಲದ ಕಡೆ ಈ ಯಂತ್ರ ಬೇಡವೆಂದೇ ನನ್ನ ಸ್ಪಷ್ಟ ಅಭಿಪ್ರಾಯ.

ಬಿಲ್ ಯಾರ ಹೆಸರಿನಲ್ಲಿ?

ಕೊನೆಯದಾಗಿ ನನ್ನ ವೃತ್ತಿಗೆ ಸೇರಿದ ಮಾತು. ಮನೆಯ ಕೊಳದ ಯಂತ್ರಕ್ಕೆ ಅಂಗಡಿಯ ಅಥವಾ ಕಾರ್ಖಾನೆಯ ಹೆಸರಿನಲ್ಲಿ ಬಿಲ್ ಪಡೆದು, ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನೂ ಸವಕಳಿಯನ್ನೂ ಪಡೆಯುವ ಆಸೆ ಹಲವರಿಗಿದೆ. ಸ್ವಂತ ಬಳಕೆಯ ವಸ್ತುಗಳಿಗೆ ಈ ಜಮೆ ಸಲ್ಲದೆಂದು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ತಪ್ಪಾಗಿ ಪಡೆದು ಬಳಸಿದ ಜಮೆಯನ್ನು ಶೇ. 18ರ ಬಡ್ಡಿಯೊಡನೆ ಹಿಂತಿರುಗಿಸಬೇಕಾಗುತ್ತದೆ, ದಂಡ ಬೇರೆ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ವ್ಯಾಪಾರೀ ಉದ್ದೇಶಕ್ಕೆ ಕೊಂಡವರು, ಸ್ವಯಂ ಉದ್ಯೋಗದ ಜೀವನೋಪಾಯಕ್ಕೆ ಕೊಂಡವರನ್ನು ಬಿಟ್ಟರೆ, ಗ್ರಾಹಕರೆನಿಸುವುದಿಲ್ಲ. ಎರಡನೇ ವರ್ಷಕ್ಕೇ ಸೆಲ್ ಕೆಟ್ಟು ನೀವು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ, ಸಂಸ್ಥೆಯ ಹೆಸರಿನ ಬಿಲ್ಲನ್ನು ಎತ್ತಿ ತೋರಿಸಿ ಮಾರಾಟಗಾರ ಎತ್ತುವ ಮೊದಲ ಆಕ್ಷೇಪಣೆಯೇ ಇದು. ಕೆಲವು ಸಾವಿರ ರೂಪಾಯಿಗಳ ಜಮೆಗಾಗಿ ಇಡೀ ಯಂತ್ರದ ಮೇಲಿನ ಹಕ್ಕನ್ನು ದುರ್ಬಲಗೊಳಿಸಿಕೊಳ್ಳುವುದು ಯಾವ ಜಾಣತನ? ಮನೆಯ ಯಂತ್ರಕ್ಕೆ ಮನೆಯವರ ಹೆಸರಿನಲ್ಲಿಯೇ ಬಿಲ್ ಪಡೆಯಿರಿ. ಅತಿಥಿಗಳಿಗೆ ಬಾಡಿಗೆಗೆ ಕೊಡುವ ಹೋಂ ಸ್ಟೇ ಅಥವಾ ರೆಸಾರ್ಟಿನ ಕೊಳವಾದರೆ ವಿಷಯ ಬೇರೆ. ಅಂಥವರು ತಮ್ಮ ಲೆಕ್ಕ ಪರಿಶೋಧಕರ ಸಲಹೆ ಪಡೆದು ಮುಂದುವರಿಯಬೇಕು.

ಬರೆಸಿಕೊಳ್ಳಬೇಕಾದ ಅಂಶಗಳು

ಮುಂಗಡ ಕೊಡುವ ಮುನ್ನ ಐದು ಅಂಶಗಳನ್ನು ಲಿಖಿತವಾಗಿ ಪಡೆಯಿರಿ.

1. ಗಂಟೆಗೆ ಎಷ್ಟು ಗ್ರಾಂ ಕ್ಲೋರಿನ್.
2. ಬದಲಿ ಸೆಲ್ಲಿನ ಇಂದಿನ ಬೆಲೆ ಮತ್ತು ಅದು ದೊರೆಯುವ ಸ್ಥಳ.
3. ಖಾತರಿ ವರ್ಷಗಳಲ್ಲಿಯೋ ಓಡಿದ ಗಂಟೆಗಳಲ್ಲಿಯೋ; ಪೂರ್ಣವೋ, ವರ್ಷ ಕಳೆದಂತೆ ಇಳಿಯುವಂತಹುದೋ.
4. ನೀರಿನ ಗಡಸುತನ ಎಷ್ಟಿದ್ದರೆ ಖಾತರಿ ರದ್ದಾಗುತ್ತದೆ.
5. ನೀರಿನ ಹರಿವು ನಿಂತೊಡನೆ ಸೆಲ್ಲನ್ನು ಆರಿಸುವ ಸ್ವಿಚ್ ಇದೆಯೇ. ಸೆಲ್ಲಿನಲ್ಲಿ ಹೈಡ್ರೋಜನ್ ಅನಿಲವೂ ಹುಟ್ಟುವುದರಿಂದ ಇದು ಸುರಕ್ಷತೆಯ ಪ್ರಶ್ನೆ. ಸರಿಯಾದ ಅರ್ಥಿಂಗ್ ಕೂಡ ಅಷ್ಟೇ ಮುಖ್ಯ.

ನೀರು ಮೆದುವಾಗಿದ್ದು, ಕೊಳವನ್ನು ನಿತ್ಯ ಬಳಸುತ್ತಿದ್ದು, ಹೊರಹರಿವಿಗೆ ವ್ಯವಸ್ಥೆಯಿದ್ದರೆ ಯಂತ್ರವನ್ನು ಧಾರಾಳವಾಗಿ ಕೊಳ್ಳಬಹುದು; ಆದರೆ ಮೊದಲ ವರ್ಷದಿಂದಲೇ ಮುಂದಿನ ಸೆಲ್ಲಿಗೆಂದು ಹಣ ತೆಗೆದಿರಿಸಬೇಕು. ನೀರು ಗಡಸಾಗಿದ್ದು, ಮಕ್ಕಳು ರಜೆಗೆ ಬಂದಾಗ ಮಾತ್ರ ಕೊಳ ತುಂಬಿಸುವವರಿಗೆ ಹೈಪೋಕ್ಲೋರೈಟ್ ಕ್ಯಾನೇ ಸಾಕು. ಸ್ವಂತ ವ್ಯಾಪಾರದಲ್ಲಿ ಪೈಸೆ ಪೈಸೆಗೂ ಲೆಕ್ಕವಿಡುವ ನಮ್ಮ ಸದಸ್ಯರು ಮನೆಯ ಖರೀದಿಯಲ್ಲಿಯೂ ಅದೇ ಶಿಸ್ತನ್ನು ಪಾಲಿಸಲಿ ಎಂಬುದು ನನ್ನ ಆಶಯ.