ತೂಕದ ಕಾರ್ಡನ್ನು ಪೆಟ್ಟಿಗೆಯಲ್ಲಿ ಇಡಬೇಡಿ

ಓದಿನಲ್ಲಿ ಹಿಂದುಳಿದ ಮಗುವನ್ನು 'ದಡ್ಡ' ಎನ್ನುವವರು ನಮ್ಮ ಮರಿಕಲ್ ಸುತ್ತಿನ ಹಳ್ಳಿಗಳಲ್ಲಿ ಬಹಳ. ಕೂಸಾಗಿದ್ದಾಗ ಆ ಮಗುವಿನ ತೂಕ ಎಷ್ಟಿತ್ತು ಎಂದು ಕೇಳುವವರು ಕಡಿಮೆ. ಬುದ್ಧಿಗೂ ತೂಕಕ್ಕೂ ಏನು ನಂಟು ಎನ್ನುವಿರಾ? ನಂಟು ಇದೆ.

ಹುಟ್ಟುವಾಗ ಕೂಸು ಎರಡೂವರೆ ಕಿಲೋ ಆದರೂ ಇರಬೇಕು. ಐದಾರು ತಿಂಗಳಿಗೆ ತೂಕ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು ಆಗಬೇಕು. ಮೆದುಳು ಅತಿ ವೇಗವಾಗಿ ಬೆಳೆಯುವುದೂ ಇದೇ ಕಾಲದಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ಅದು ದೊಡ್ಡವರ ಮೆದುಳಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆದಿರುತ್ತದೆ. ಸಸಿಯಲ್ಲೇ ಸೊರಗಿದ ಜೋಳಕ್ಕೆ ತೆನೆ ಕಟ್ಟುವಾಗ ಎಷ್ಟು ಗೊಬ್ಬರ ಸುರಿದರೂ ಪೂರ್ತಿ ಫಲ ಬಾರದು ಎಂಬುದು ರೈತರಿಗೆ ಹೊಸ ಮಾತಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತೆಲಂಗಾಣದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 32 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಆರು ತಿಂಗಳು ದಾಟಿದ 100 ಮಕ್ಕಳಲ್ಲಿ 70 ಮಕ್ಕಳಿಗೆ ರಕ್ತಹೀನತೆ. ಕಬ್ಬಿಣದ ಅಂಶ ಕಡಿಮೆಯಾದ ಮಗುವಿಗೆ ಪಾಠದಲ್ಲಿ ಗಮನ ನಿಲ್ಲುವುದು ಕಷ್ಟ. ಅದನ್ನು ಸೋಮಾರಿತನ ಎಂದು ಹೊಡೆಯುವುದು ಅನ್ಯಾಯ.

ಹಾಗೆಂದು ದಪ್ಪಗಿರುವ ಮಗುವೆಲ್ಲ ಜಾಣ ಎಂದಲ್ಲ. ಚಹಾ, ಬಿಸ್ಕತ್ತಿನಿಂದ ಹೊಟ್ಟೆ ತುಂಬೀತು, ರಕ್ತ ಹೆಚ್ಚದು. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ ಸಾಕು. ಆಮೇಲೆ ಎದೆಹಾಲಿನ ಜೊತೆಗೆ ಮೆತ್ತಗೆ ಮಾಡಿದ ಜೋಳದ ಅಂಬಲಿ, ತೊಗರಿಬೇಳೆ, ಸೊಪ್ಪು, ಮೊಟ್ಟೆ, ನುಣ್ಣಗೆ ಅರೆದ ಶೇಂಗಾ ಕೊಡಿ. ಅಂಗನವಾಡಿಯ ಬಾಲಾಮೃತವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳದೆ ಕೂಸಿಗೇ ಉಳಿಸಿ.

ನಮ್ಮ ಸೀಮೆಯ ದೊಡ್ಡ ತೊಡಕು ವಲಸೆ. ಪಾಲಮೂರಿನ ಕೂಲಿಗಳು ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗುವಾಗ ಕೂಸೂ ಹೋಗುತ್ತದೆ. ತೂಕದ ಕಾರ್ಡು ಮಾತ್ರ ಊರಲ್ಲೇ ಉಳಿಯುತ್ತದೆ. ತೂಕ ಇಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರ್ಡನ್ನು ಜೊತೆಗೆ ಒಯ್ಯಿರಿ. ಹೋದ ಊರಿನ ಅಂಗನವಾಡಿಯಲ್ಲೂ ಹೆಸರು ಬರೆಸಬಹುದು.

ಶಾಲೆ ಸೇರಿದ ಮಕ್ಕಳ ವಿಷಯದಲ್ಲಿ ಕಾಲ ಮೀರಿತೆಂದು ಕೈಬಿಡಬೇಡಿ. ನೆರೆಯ ರಾಯಚೂರು, ಯಾದಗಿರಿ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಕರ್ನಾಟಕ ಸರಕಾರ 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡಲು ತೊಡಗಿದ್ದು ಸುಮ್ಮನೆ ಅಲ್ಲ. ಹಸಿವು ನೀಗಿದ ಮಗು ಪಾಠಕ್ಕೆ ಕಿವಿಗೊಡುತ್ತದೆ.

ಗ್ರಾಮಸಭೆಯಲ್ಲಿ ರಸ್ತೆ, ಬೋರ್‌ವೆಲ್ ಕೇಳುವ ನಾವು ಈ ತಿಂಗಳು ಎಷ್ಟು ಕೂಸುಗಳನ್ನು ತೂಗಿದರು, ಎಷ್ಟರ ತೂಕ ಇಳಿದಿದೆ ಎಂದೂ ಕೇಳೋಣ. ಇದು ತಾಯಂದಿರ ಕೆಲಸ ಮಾತ್ರವಲ್ಲ. ತಂದೆಯೂ ಒಂದು ಸಲ ಮಗುವನ್ನು ಎತ್ತಿಕೊಂಡು ತಕ್ಕಡಿಯ ಬಳಿಗೆ ಹೋಗಲಿ.