ಯಾರು ಬದಲಾಗತಕ್ಕದ್ದು?

ಹುಡುಗಿಯರಿಗೆ ಎಂತಹ ಕಥೆಪುಸ್ತಕಗಳನ್ನು ಕೊಡಬೇಕೆಂದು ಪೋಷಕರು ನಮ್ಮನ್ನು ಆಗಾಗ್ಗೆ ಕೇಳುವುದುಂಟು. ಈ ಸಂಚಿಕೆಯ ನೆವದಿಂದ ಒಂದು ಪುಸ್ತಕವನ್ನು ಹೆಸರಿಸುವೆವು. ಆದರೆ ಅದನ್ನು ಹಿರಿಯರೇ ಮೊದಲು ಓದಬೇಕೆಂಬುದು ನಮ್ಮ ಅಭಿಪ್ರಾಯ.

ಸ್ಕಾಟ್ಲೆಂಡಿನ ಲೇಖಕಿ ಎಲ್ ಮೆಕ್‌ನಿಕಲ್ ಅವರ 'ಎ ಕೈಂಡ್ ಆಫ್ ಸ್ಪಾರ್ಕ್' ಎಂಬ ಕಾದಂಬರಿಯು 2020ರಲ್ಲಿ ಪ್ರಕಟವಾಯಿತು. ಆಟಿಸಂ ಎಂಬ ಮನೋರಚನೆಯುಳ್ಳ ಆ್ಯಡಿ ಎಂಬ 11 ವರ್ಷದ ಬಾಲಿಕೆಯೇ ಕಥಾನಾಯಿಕೆ. ಲೇಖಕಿಯವರದೂ ಅಂತಹ ಮನೋರಚನೆಯೇ. ಬರವಣಿಗೆ ಅಂದವಾಗಿಲ್ಲವೆಂದು ಉಪಾಧ್ಯಾಯಿನಿಯು ತರಗತಿಯೆಲ್ಲ ನೋಡುತ್ತಿರಲು ಆ್ಯಡಿಯ ಹಾಳೆಯನ್ನು ಹರಿದುಹಾಕುವಳು. ತನ್ನ ಊರಿನಲ್ಲಿ ಹಿಂದೆ ಮಾಟಗಾತಿಯರೆಂದು ಹೆಂಗಸರನ್ನು ಕೊಂದರೆಂಬುದನ್ನು ಕೇಳಿದಾಗ, ಅವರೂ ತನ್ನಂತೆ ಬೇರೆ ತೆರನಾದವರಾಗಿದ್ದಿರಬೇಕೆಂದು ಅವಳಿಗೆ ತೋರುವುದು. ಅವರಿಗೊಂದು ಸ್ಮಾರಕ ಬೇಕೆಂದು ಊರವರ ಮುಂದೆ ವಾದಿಸುವಳು. ಈ ಹಿನ್ನೆಲೆಯು ಬರಿಯ ಕಲ್ಪನೆಯಲ್ಲ. ಸ್ಕಾಟ್ಲೆಂಡಿನಲ್ಲಿ ಮಾಟಗಾರಿಕೆಯ ವಿರುದ್ಧದ ಕಾಯಿದೆಯು 1563ರಿಂದ 1736ರ ವರೆಗೆ ಜಾರಿಯಲ್ಲಿದ್ದಿತು.

ಇಂತಹ ಕಥೆಗಳಲ್ಲಿ ಬೇರೆ ತೆರನಾದ ಮಗುವು ಏನಾದರೊಂದು ಅದ್ಭುತವನ್ನು ಮಾಡಿ ತೋರಿಸಿ ಜನರ ಮೆಚ್ಚಿಕೆಯನ್ನು ಸಂಪಾದಿಸುವುದು ವಾಡಿಕೆ. ಅದು ನಮಗೆ ಸಮ್ಮತವಲ್ಲ. ಅದ್ಭುತವೇನನ್ನೂ ಮಾಡಲಾರದ ಮಗುವಿಗೆ ನಮ್ಮ ನಡುವೆ ಸ್ಥಾನವಿಲ್ಲವೇ? ಆ್ಯಡಿಯ ಅಕ್ಕ ಕೀಡಿಗೂ ಆಟಿಸಂ ಉಂಟು. ಅವಳು ವಿಶ್ವವಿದ್ಯಾನಿಲಯದಲ್ಲಿ ತನ್ನ ಸ್ವಭಾವವನ್ನು ಮರೆಮಾಚಿ ಇತರರಂತೆಯೇ ನಡೆದು ನಡೆದು ಬಳಲಿಹೋಗುವಳು. ಮಕ್ಕಳನ್ನು ನಮ್ಮ ಅಚ್ಚಿಗೆ ಒತ್ತುವುದರ ಬೆಲೆ ಏನೆಂಬುದನ್ನು ಅವಳಿಂದ ಅರಿಯಬಹುದು.

ಈ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮುಖವೆತ್ತಿ ಉತ್ತರ ಹೇಳದ ಹುಡುಗಿಯೊಬ್ಬಳನ್ನು ಗರ್ವಿಷ್ಠೆಯೆಂದು ಬಗೆದು, ಗಂಟೆಯಾಗುವ ತನಕ ಬಾಗಿಲ ಬಳಿ ನಿಲ್ಲಿಸಿದೆವು. ಅವಳು ಅತ್ತಳೇ ಹೊರತು ಮರುಮಾತಾಡಲಿಲ್ಲ. ನೇರವಾಗಿ ಮುಖ ನೋಡುವುದೇ ಕೆಲವು ಮಕ್ಕಳಿಗೆ ಕಷ್ಟವೆಂಬುದನ್ನು ಆಗ ನಾವು ಅರಿಯೆವು. ಅರಿಯಲು ಯತ್ನಿಸಲೂ ಇಲ್ಲ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಅನ್ನೂ ಕಲಿಕೆಯ ತೊಡಕುಗಳನ್ನೂ ಹೆಸರಿಸಿದೆ. ಆದರೆ ಮಗುವಿನ ಅಕ್ಕಪಕ್ಕದಲ್ಲಿ ಕಾಯಿದೆಯು ಬಂದು ಕುಳಿತುಕೊಳ್ಳದು; ಕುಳಿತುಕೊಳ್ಳುವವರು ತಮ್ಮ ಹೆಣ್ಣುಮಕ್ಕಳು.

ಆದುದರಿಂದ ತಾಯಂದಿರಲ್ಲಿಯೂ ತಂದೆಯರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಪಾಠವು ನಿಧಾನವಾಗಿ ಹತ್ತುವ, ಒಬ್ಬಳೇ ಕುಳಿತಿರುವ, ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಹುಡುಗಿಯನ್ನು ಕಂಡಾಗ, ಇವಳನ್ನು ತಿದ್ದುವುದು ಹೇಗೆಂದು ಕೇಳುವ ಮೊದಲು, ಇವಳಿಗಾಗಿ ನಾವು ಬದಲಾಗಬೇಕಾದುದೇನೆಂದು ಕೇಳಿಕೊಳ್ಳಿರಿ. ಈ ಪುಸ್ತಕವನ್ನು ಓದುವಾಗ, ಹಾಳೆಯನ್ನು ಹರಿದ ಆ ಕೈ ನಮ್ಮದೇ ಎಂದು ನಮಗೆ ತೋರಿತು.